ಅಮೆರಿಕದ ಪಾಠ ಧಾರವಾಡದ ಹತ್ತಿಯಿಂದ ಶುರುವಾಗಲಿ

ನವಿ ಮುಂಬಯಿಯ ಸಾನಪಾಡಾದ ಕನ್ನಡಿಗರಿಗೆ ಅಮೆರಿಕದ ಬಗ್ಗೆ ಏನೂ ಗೊತ್ತಿಲ್ಲ ಎಂದರೆ ಮೊದಲು ನಗುವವರು ಇಲ್ಲಿನ ಅಜ್ಜ-ಅಜ್ಜಿಯರು. ಎಚ್-ಒನ್-ಬಿ ಎಂದರೇನು, ಗ್ರೀನ್ ಕಾರ್ಡಿನ ಸರದಿ ಯಾಕೆ ಸರಿಯುತ್ತಿಲ್ಲ, ಸೊಸೆಯ ಬಾಣಂತನಕ್ಕೆ ಹೊರಟಾಗ ಇಮಿಗ್ರೇಶನ್ ಕೌಂಟರಿನಲ್ಲಿ ಏನು ಕೇಳುತ್ತಾರೆ, ಬ್ಯಾಗಿನಲ್ಲಿ ಸಾರಿನ ಪುಡಿ ಎಲ್ಲಿಡಬೇಕು, ಎಲ್ಲವೂ ಅವರಿಗೆ ಬಾಯಿಪಾಠ. ಬ್ಯಾಂಕಿನಲ್ಲಿ ಗುಮಾಸ್ತರಾಗಿ ಸೇರಿ ಮ್ಯಾನೇಜರಾಗಿ ನಿವೃತ್ತರಾದವರು, ಹೋಟೆಲು ನಡೆಸಿ ಈಗ ಗಲ್ಲಾಪೆಟ್ಟಿಗೆಯನ್ನು ಅಳಿಯನಿಗೆ ಬಿಟ್ಟುಕೊಟ್ಟವರು, ಸರ್ಕಾರಿ ನೌಕರಿ ಮುಗಿಸಿ ಇಲ್ಲಿ ಫ್ಲ್ಯಾಟು ಮಾಡಿಕೊಂಡವರು: ಇವರಲ್ಲಿ ಎಷ್ಟೋ ಜನರ ಮಕ್ಕಳು ನ್ಯೂಜೆರ್ಸಿ, ಡಲ್ಲಾಸ್, ಸಿಯಾಟಲ್‌ಗಳಲ್ಲಿದ್ದಾರೆ. ಅಮೆರಿಕ ಇವರಿಗೆ ಪರದೇಶವಲ್ಲ, ಮನೆಯ ವಿಷಯ.

ಆದರೆ 2025ರಲ್ಲಿ ಆದದ್ದನ್ನು ನೆನಪಿಸಿಕೊಳ್ಳಿ. ಜನವರಿಯಲ್ಲಿ ಟ್ರಂಪ್ ಅಧಿಕಾರ ಹಿಡಿದ ದಿನವೇ, ತಾತ್ಕಾಲಿಕ ವೀಸಾದ ಮೇಲಿರುವವರ ಮಕ್ಕಳಿಗೆ ಹುಟ್ಟಿನಿಂದಲೇ ಪೌರತ್ವ ಸಿಗಬಾರದು ಎಂಬ ಆದೇಶಕ್ಕೆ ಸಹಿ ಹಾಕಿದರು. ಸೆಪ್ಟೆಂಬರಿನಲ್ಲಿ ಹೊಸ ಎಚ್-ಒನ್-ಬಿ ಅರ್ಜಿಗೆ 1,00,000 ಡಾಲರ್ ಶುಲ್ಕ ಎಂಬ ಘೋಷಣೆ ಬಂತು. ಎರಡು ಸಲವೂ ವಾಟ್ಸಾಪಿನಲ್ಲಿ ಗಾಬರಿಯೋ ಗಾಬರಿ. 'ನಮ್ಮ ಮೊಮ್ಮಗುವಿನ ಗತಿ ಏನು' ಎಂಬ ಪ್ರಶ್ನೆ ಎಲ್ಲರದ್ದೂ ಆಗಿತ್ತು. ಈ ಹುಟ್ಟಿನ ಪೌರತ್ವ ಅಲ್ಲಿನ ಸಂವಿಧಾನದೊಳಗೆ ಬಂದದ್ದು ಹೇಗೆ, ಯಾರ ಸಲುವಾಗಿ ಎಂದು ಕೇಳಿದವರು ನನ್ನ ಕಿವಿಗೆ ಬೀಳಲಿಲ್ಲ.

ಅದು ಬಂದದ್ದು 1868ರಲ್ಲಿ, ಹದಿನಾಲ್ಕನೆಯ ತಿದ್ದುಪಡಿಯಾಗಿ. ಅಂತರ್ಯುದ್ಧ ಮುಗಿದು ಬಿಡುಗಡೆಯಾದ ಕರಿಯ ಗುಲಾಮರನ್ನೂ ಅವರ ಮಕ್ಕಳನ್ನೂ ಯಾವ ರಾಜ್ಯವೂ 'ನೀವು ಈ ದೇಶದವರಲ್ಲ' ಎನ್ನದಿರಲಿ ಎಂದು. ನಮ್ಮ ಮೊಮ್ಮಕ್ಕಳ ನೀಲಿ ಪಾಸ್‌ಪೋರ್ಟು ನಿಂತಿರುವುದು ಗುಲಾಮರ ಮಕ್ಕಳು ಗಳಿಸಿದ ಹಕ್ಕಿನ ಮೇಲೆ. 1923ರಲ್ಲಿ ಭಗತ್ ಸಿಂಗ್ ತಿಂದ್ ಎಂಬ ಪಂಜಾಬಿ, ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೇನೆಯಲ್ಲಿದ್ದವನು, ಪೌರತ್ವ ಕೇಳಿ ಸುಪ್ರೀಂ ಕೋರ್ಟಿನವರೆಗೆ ಹೋದ. ತಾನು ಉತ್ತಮ ಜಾತಿಯ ಆರ್ಯ, ಆದ್ದರಿಂದ ಬಿಳಿಯ ಎಂಬುದು ಅವನ ವಾದವಾಗಿತ್ತು. ಕೋರ್ಟು ಒಪ್ಪಲಿಲ್ಲ. ಭಾರತೀಯರಿಗೆ ಪೌರತ್ವದ ಹಕ್ಕು ಸಿಕ್ಕಿ ವಲಸೆಯ ಬಾಗಿಲು ಅರೆತೆರೆದದ್ದು 1946ರಲ್ಲಿ, ಅದೂ ವರ್ಷಕ್ಕೆ ನೂರು ಜನರಿಗೆ. ಸರಿಯಾಗಿ ತೆರೆದದ್ದು 1965ರ ವಲಸೆ ಕಾನೂನಿನಿಂದ. ಅದರ ಹಿಂದಿನ ವರ್ಷವಷ್ಟೇ ಕರಿಯರ ಚಳವಳಿ ನಾಗರಿಕ ಹಕ್ಕುಗಳ ಕಾಯ್ದೆಯನ್ನು ಗೆದ್ದುಕೊಂಡಿತ್ತು. ಆ ಗೆಲುವು ಎಬ್ಬಿಸಿದ ಗಾಳಿಯಲ್ಲೇ ಜನಾಂಗ ನೋಡಿ ಒಳಬಿಡುವ ಹಳೆಯ ಕೋಟಾ ಕಿತ್ತುಹೋಯಿತು. ಅದೇ 1964ರಲ್ಲಿ ರಾಮಮನೋಹರ ಲೋಹಿಯಾ ಮಿಸಿಸಿಪಿಯ ಜಾಕ್ಸನ್‌ನಲ್ಲಿ ಬಿಳಿಯರಿಗೆ ಮಾತ್ರ ಎಂಬ ಉಪಾಹಾರಗೃಹದೊಳಗೆ ಹೋಗಲು ಹಟ ಹಿಡಿದು ಪೊಲೀಸರ ವಶವಾಗಿದ್ದರು. ಗೋಪಾಲಗೌಡ, ಅನಂತಮೂರ್ತಿ, ಲಂಕೇಶ್, ತೇಜಸ್ವಿ ಎಂದು ಲೋಹಿಯಾರ ಪ್ರಭಾವ ಹೇಳುವಾಗ ಈ ಜಾಕ್ಸನ್ ಪ್ರಸಂಗವನ್ನು ನಾವು ಸಾಮಾನ್ಯವಾಗಿ ಬಿಟ್ಟೇಬಿಡುತ್ತೇವೆ.

ನಾನು ಹೇಳಬೇಕಾದ್ದು ಇಷ್ಟು. ಅಮೆರಿಕದ ಚರಿತ್ರೆ ಮತ್ತು ಸಾಹಿತ್ಯವನ್ನು ಕನ್ನಡದಲ್ಲಿ, ಡಿಗ್ರಿಯ ಹಂಗಿಲ್ಲದ ಕೇಳುಗರಿಗೆ, ಒಂದು ವ್ಯಾಖ್ಯಾನಮಾಲೆಯಾಗಿ ಹೇಳುವ ಕೆಲಸ ನಮ್ಮ ಕನ್ನಡ ಸಂಘಗಳದ್ದು. ಅದು ಇಂಗ್ಲಿಷ್ ವಿಭಾಗಗಳ ಸ್ವತ್ತಲ್ಲ. ಸಾನಪಾಡಾದಂಥ ಜಾಗ ಅದಕ್ಕೆ ಅನುಕೂಲ: ಹಾರ್ಬರ್ ಲೈನಿನವರಿಗೆ ನೇರ, ಠಾಣೆಯಿಂದ ವಾಶಿಯ ಗಾಡಿ ಹಿಡಿದವರಿಗೂ ನೇರ, ಡೊಂಬಿವಿಲಿ-ಕಲ್ಯಾಣದವರು ಠಾಣೆಯಲ್ಲಿ ಬದಲಿಸಿದರೆ ಸಾಕು. ಭಾನುವಾರದ ರೈಲು ಮೆಗಾಬ್ಲಾಕಿನಲ್ಲಿ ಹಳೆಯ ಸಂಘಗಳಿರುವ ಮಾಟುಂಗಾಕ್ಕೋ ಮಾಹಿಮಿಗೋ ಹೋಗಿ ಬರುವ ಕಾಲು ಈ ವಯಸ್ಸಿನಲ್ಲಿ ಎಲ್ಲರಿಗೂ ಉಳಿದಿಲ್ಲ.

ಉಪನ್ಯಾಸ ನಮಗೆ ಹೊಸತಲ್ಲ. 1926ರ ಮೈಸೂರು ಅಸೋಸಿಯೇಷನ್ ಮುಂಬಯಿ ವಿಶ್ವವಿದ್ಯಾಲಯದ ಕನ್ನಡ ವಿಭಾಗದೊಂದಿಗೆ ಸೇರಿ ದತ್ತಿ ಉಪನ್ಯಾಸಗಳನ್ನು ನಡೆಸಿಕೊಂಡು ಬಂದಿದೆ. 1933ರ ಕರ್ನಾಟಕ ಸಂಘಕ್ಕೂ ಆ ಪರಂಪರೆ ಉಂಟು. ಸ್ವಾತಂತ್ರ್ಯಕ್ಕೆ ಮೊದಲೇ ಮೈಸೂರು ವಿಶ್ವವಿದ್ಯಾನಿಲಯದ ಅಧ್ಯಾಪಕರು ಹಳ್ಳಿ-ಪೇಟೆಗಳಿಗೆ ಹೋಗಿ ವಿಜ್ಞಾನ, ಇತಿಹಾಸಗಳನ್ನು ಕನ್ನಡದಲ್ಲಿ ಹೇಳುತ್ತಿದ್ದರು. ಆ ಪ್ರಚಾರೋಪನ್ಯಾಸಗಳು ಅಂಗೈಯಗಲದ ಪುಸ್ತಕಗಳಾಗಿ ಬರುತ್ತಿದ್ದವು. ಮಹಾರಾಷ್ಟ್ರದಲ್ಲಂತೂ ನ್ಯಾಯಮೂರ್ತಿ ರಾನಡೆ 1875ರಲ್ಲಿ ಪುಣೆಯಲ್ಲಿ ಶುರುಮಾಡಿದ ವಸಂತ ವ್ಯಾಖ್ಯಾನಮಾಲೆ ಇಂದಿಗೂ ಜೀವಂತ. ನೆರೆಮನೆಯ ಮರಾಠಿ ಕಾಕಾ ಟಿಫಿನ್ ಮುಗಿಸಿ ವ್ಯಾಖ್ಯಾನ ಕೇಳಲು ಹೊರಡುವುದನ್ನು ನಾವೆಲ್ಲ ನೋಡಿದವರೇ.

ಆದರೆ ನಮ್ಮ ಸಂಘಗಳ ಕಾರ್ಯಕ್ರಮದ ರೂಪ ಹೇಗಾಗಿದೆ ನೋಡಿ. ಐದಕ್ಕೆ ಎಂದು ಕಾರ್ಡಿನಲ್ಲಿದ್ದರೆ ಐದೂಮುಕ್ಕಾಲಿಗೆ ಪ್ರಾರ್ಥನೆ. ದೀಪ ಬೆಳಗುವವರು ಏಳು ಜನ, ಫೋಟೋದವನು 'ಇನ್ನೊಮ್ಮೆ ಸಾರ್' ಅನ್ನುತ್ತಾನೆ. ಸ್ವಾಗತ, ಪ್ರಾಸ್ತಾವಿಕ, ದಾನಿಗಳಿಗೆ ಶಾಲು, ಸ್ಮರಣಿಕೆ, ಅಧ್ಯಕ್ಷರ ಮಾತು. ಉಪನ್ಯಾಸಕರು ಎದ್ದುನಿಲ್ಲುವ ಹೊತ್ತಿಗೆ ಹಿಂದಿನ ಸಾಲಿನವರಿಗೆ ಸ್ಟೀಲಿನ ಪಾತ್ರೆಯಲ್ಲಿ ಉಪ್ಪಿಟ್ಟು ಬಂದಿಳಿದ ಸದ್ದು ಕೇಳಿಸಿರುತ್ತದೆ. ಸಂಘಟಕರು ಕಿವಿಯಲ್ಲಿ 'ಇಪ್ಪತ್ತು ನಿಮಿಷ ಸಾಕು' ಎನ್ನುತ್ತಾರೆ. ಇದರಲ್ಲಿ ಅಮೆರಿಕದ ಹಾಥಾರ್ನ್ ಆಗಲಿ ನಮ್ಮ ಬೇಂದ್ರೆಯಾಗಲಿ ಯಾರ ತಲೆಗೂ ಹೋಗುವುದು ಕಷ್ಟ. ಮೊದಲ ಸುಧಾರಣೆ ಇಲ್ಲೇ ಆಗಬೇಕು: ಒಬ್ಬರೇ ಮಾತಾಡಲಿ, ಐವತ್ತು ನಿಮಿಷ ಮಾತಾಡಲಿ, ಅಷ್ಟೇ ಹೊತ್ತು ಪ್ರಶ್ನೆಗಳಿರಲಿ. ಶಾಲಿನ ಖರ್ಚು ಉಳಿದರೆ ಉಪನ್ಯಾಸಕರ ರೈಲು ಟಿಕೇಟಿಗಾಯಿತು.

ಊರ ಜನಕ್ಕೆ ಊರಲ್ಲೇ ಉಪನ್ಯಾಸ ಎನ್ನುವುದನ್ನು ಅಮೆರಿಕ ಕೂಡ ಒಂದು ಕಾಲದಲ್ಲಿ ಬಹಳ ಗಂಭೀರವಾಗಿ ನಡೆಸಿದ ದೇಶ. 1826ರಲ್ಲಿ ಮ್ಯಾಸಚೂಸೆಟ್ಸಿನ ಮಿಲ್‌ಬರಿ ಎಂಬ ಸಣ್ಣ ಊರಲ್ಲಿ ಜೊಸಾಯಾ ಹೋಲ್‌ಬ್ರೂಕ್ ಎಂಬಾತ ಲೈಸಿಯಂ ಎಂಬ ಸಂಘ ಕಟ್ಟಿದ. ರೈತರು, ಕುಶಲಕರ್ಮಿಗಳು, ಅಂಗಡಿಯವರು ಚಂದಾ ಹಾಕಿ ಚಳಿಗಾಲದ ಸಂಜೆ ಉಪನ್ಯಾಸ ಕೇಳುವ ವ್ಯವಸ್ಥೆ ಅದು. ಬೇಗನೆ ಊರೂರಿಗೆ ಹರಡಿತು. ಎಮರ್ಸನ್ ಬದುಕಿಡೀ ಹೀಗೆ ಸುಮಾರು 1,500 ಉಪನ್ಯಾಸ ಕೊಟ್ಟರು, ಅವರ ಪ್ರಬಂಧಗಳಲ್ಲಿ ಹೆಚ್ಚಿನವು ಮೊದಲು ಮಾತಾಗಿದ್ದವು. ಮಾರ್ಕ್ ಟ್ವೇನ್ ಸಾಲ ತೀರಿಸಲು ಲೋಕ ಸುತ್ತಿ ಭಾಷಣ ಮಾಡುತ್ತ 1896ರ ಜನವರಿಯಲ್ಲಿ ಇದೇ ಮುಂಬಯಿಗೆ ಬಂದಿಳಿದರು. ವಿವೇಕಾನಂದರೂ ಷಿಕಾಗೋದ ನಂತರ ಅಲ್ಲಿಯ ಉಪನ್ಯಾಸದ ಏಜೆನ್ಸಿಯೊಂದರೊಡನೆ ಕರಾರು ಮಾಡಿಕೊಂಡು, ಬೇಸತ್ತು ಹೊರಬಂದರು.

ಲೈಸಿಯಂಗಳ ಉಪನ್ಯಾಸಗಳಲ್ಲಿ ಒಂದರ ದಾರಿ ನಮ್ಮೂರಿಗೆ ಬರುತ್ತದೆ. 1848ರ ಜನವರಿ 26ರಂದು ಕಾಂಕರ್ಡ್ ಊರಿನ ಲೈಸಿಯಂನಲ್ಲಿ ಹೆನ್ರಿ ಥೋರೋ ಮಾತಾಡಿದ. ಗುಲಾಮಗಿರಿಯನ್ನು ಸಾಕುವ, ಮೆಕ್ಸಿಕೋದ ಮೇಲೆ ಯುದ್ಧ ಹೂಡಿದ ಸರ್ಕಾರಕ್ಕೆ ತಲೆಗಂದಾಯ ಕೊಡಲೊಲ್ಲೆ ಎಂದು ಆತ ಒಂದು ರಾತ್ರಿ ಊರ ಜೈಲಿನಲ್ಲಿ ಕಳೆದಿದ್ದ. ಎದುರಿಗೆ ಕೂತವರು ಅವನ ನೆರೆಹೊರೆಯವರು. ಯಾಕಪ್ಪ ಜೈಲಿಗೆ ಹೋದೆ ಎಂಬ ಅವರ ಪ್ರಶ್ನೆಗೆ ಕೊಟ್ಟ ವಿವರಣೆ ಆ ಮಾತು. ಮರುವರ್ಷ ಅಚ್ಚಾಯಿತು. ದಕ್ಷಿಣ ಆಫ್ರಿಕದಲ್ಲಿ ಗಾಂಧಿ ಅದನ್ನು ಓದಿ ತಮ್ಮ ಪತ್ರಿಕೆಯಲ್ಲಿ ಪರಿಚಯಿಸಿದರು. ಅಲ್ಲಿಂದ ಮುಂದಿನ ಕತೆ ಉತ್ತರ ಕನ್ನಡದವರಿಗೆ ಹೇಳಬೇಕಾಗಿಲ್ಲ: 1930ರ ಅಂಕೋಲೆಯ ಉಪ್ಪಿನ ಸತ್ಯಾಗ್ರಹ, ಅದರ ಬೆನ್ನಿಗೆ ಅಂಕೋಲೆ-ಸಿದ್ದಾಪುರದ ರೈತರು ಹೂಡಿದ ಕರನಿರಾಕರಣೆ, ಹೋದ ಹೊಲಮನೆಗಳು. ಕರನಿರಾಕರಣೆಯ ಆ ಊರುಗಳಿಂದ ಮುಂಬಯಿಗೆ ಬಂದ ಮನೆತನಗಳು ಈ ಉಪನಗರಗಳಲ್ಲಿ ಉಂಟು. ಗಾಂಧಿಯ ಸತ್ಯಾಗ್ರಹ ಥೋರೋನಿಂದಲೇ ಹುಟ್ಟಿತು ಎಂದು ನಾನು ಹೇಳುತ್ತಿಲ್ಲ, ಅದು ಅದಕ್ಕೆ ಮೊದಲೇ ಶುರುವಾಗಿತ್ತು. ಆದರೆ ಊರವರ ಮುಂದೆ ಆಡಿದ ಒಂದು ಸಂಜೆಯ ಮಾತಿಗೆ ಎಷ್ಟು ದೂರ ನಡೆಯುವ ಕಸುವಿರುತ್ತದೆ ಎಂಬುದನ್ನು ಅಂಕೋಲೆಯವರ ಎದುರು ಹೇಳಿದರೆ ಅವರು ಸುಮ್ಮನೆ ತಲೆಯಾಡಿಸಿ ಉಪ್ಪಿಟ್ಟಿಗೆ ಏಳುವುದಿಲ್ಲ. ಪ್ರಶ್ನೆ ಕೇಳುತ್ತಾರೆ.

ಎಲ್ಲಿಂದ ಶುರುಮಾಡಬೇಕು ಎಂಬುದೇ ಉಪನ್ಯಾಸದ ಅರ್ಧ ಕೆಲಸ. ಕೊಲಂಬಸ್ಸಿನಿಂದ ಹೊರಟು, ಮೇಫ್ಲವರ್ ಹಡಗು ಹತ್ತಿ, ವಾಷಿಂಗ್ಟನ್ನನ ಮೂಲಕ ಲಿಂಕನ್ನನವರೆಗೆ ಬರುವ ದಾರಿ ಶಾಲೆಯ ಪುಸ್ತಕದ್ದು. ನನ್ನ ಸಲಹೆ, ಧಾರವಾಡದ ಹತ್ತಿಯಿಂದ ಶುರುವಾಗಲಿ. 1840ರ ಹೊತ್ತಿಗೆ ಕಂಪನಿ ಸರ್ಕಾರ ಅಮೆರಿಕದ ದಕ್ಷಿಣದಿಂದ ಹತ್ತಿ ತೋಟಗಾರರನ್ನು ಸಂಬಳ ಕೊಟ್ಟು ಭಾರತಕ್ಕೆ ಕರೆಸಿತು. ಲ್ಯಾಂಕಾಶೈರಿನ ಗಿರಣಿಗಳಿಗೆ ಉದ್ದೆಳೆಯ ಹತ್ತಿ ಬೇಕಿತ್ತು. ಅದಕ್ಕೆ ಅಮೆರಿಕವೊಂದನ್ನೇ ನಂಬಿ ಕೂರುವುದು ಅಪಾಯ ಎಂಬ ಎಣಿಕೆ. ದೇಶದ ಹಲವು ಕಡೆ ಆ ಪ್ರಯೋಗ ಮಕಾಡೆ ಬಿತ್ತು. ಧಾರವಾಡದ ಎರೆಮಣ್ಣಿನಲ್ಲಿ ಮಾತ್ರ ನ್ಯೂ ಆರ್ಲಿಯನ್ಸಿನ ಬೀಜ ಕಚ್ಚಿಕೊಂಡಿತು. ಪೇಟೆಯಲ್ಲಿ ಅದಕ್ಕೆ 'ಧಾರವಾಡ-ಅಮೆರಿಕನ್' ಎಂದೇ ಹೆಸರು. ಗುಲಾಮರ ಬೆವರಲ್ಲಿ ಬೆಳೆದ ತಳಿ ಗದಗ-ಹುಬ್ಬಳ್ಳಿಯ ರೈತನ ಹೊಲಕ್ಕೆ ಬಂದಿತ್ತು.

1861ರಲ್ಲಿ ಅಲ್ಲಿ ಅಂತರ್ಯುದ್ಧ ಹತ್ತಿಕೊಂಡಿತು. ಉತ್ತರದ ನೌಕಾಪಡೆ ದಕ್ಷಿಣದ ಬಂದರುಗಳನ್ನು ಮುಚ್ಚಿದೊಡನೆ ಲ್ಯಾಂಕಾಶೈರಿನ ಕಣ್ಣು ಮುಂಬಯಿಯ ಮೇಲೆ ಬಿತ್ತು, ಹತ್ತಿಯ ದರ ಮುಗಿಲಿಗೇರಿತು. ಧಾರವಾಡದ ಹತ್ತಿಗೆ ಹತ್ತಿರದ ಬಂದರು ಬೇಕೆಂಬ ಒತ್ತಾಯ ಎದ್ದು, 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ಕಿತ್ತು ಮುಂಬಯಿ ಪ್ರಾಂತಕ್ಕೆ ಸೇರಿಸಿದರು, ಕಾರವಾರಕ್ಕೆ ಬಂದರಿನ ಕನಸು ಕಟ್ಟಿದರು. ನಮ್ಮ ಉತ್ತರ ಕನ್ನಡದವರು ಮಂಗಳೂರಿನವರಂತೆ ಮದ್ರಾಸಿನತ್ತ ನೋಡದೆ ಮುಂಬಯಿಯ ಕಡೆ ಮುಖಮಾಡಿದ್ದಕ್ಕೆ, ಓದಿಗೂ ನೌಕರಿಗೂ ಇಲ್ಲಿಗೆ ಬಂದದ್ದಕ್ಕೆ ಇರುವ ಕಾರಣಗಳಲ್ಲಿ ಇದೂ ಒಂದು. ಅಂದರೆ ಅಮೆರಿಕದ ಯುದ್ಧ ನಮ್ಮ ಜಿಲ್ಲೆಯ ಗಡಿ ಬದಲಿಸಿತು. (ಘಟ್ಟದ ಮೇಲಿನ ಹತ್ತಿ ಕರಾವಳಿಗೆ ಇಳಿಯಲು ಆಗ ಬೇಕೆನಿಸಿದ ರೈಲು ಇವತ್ತಿಗೂ ಬಂದಿಲ್ಲ. ಹುಬ್ಬಳ್ಳಿ-ಅಂಕೋಲಾ ಮಾರ್ಗದ ಸುದ್ದಿ ಬಂದಾಗಲೆಲ್ಲ ನನಗೆ ಉತ್ತರದ ಸೇನಾಪತಿ ಜನರಲ್ ಗ್ರಾಂಟ್ ನೆನಪಾಗುತ್ತಾನೆ.)

ಇತ್ತ ಮುಂಬಯಿಗೆ ಹತ್ತಿಯ ದುಡ್ಡು ನೆರೆಯಂತೆ ಬಂತು. ಪ್ರೇಮಚಂದ್ ರಾಯ್‌ಚಂದ್ ಮತ್ತವರ ಸಂಗಡಿಗರು ಸಮುದ್ರ ತುಂಬುವ ಬ್ಯಾಕ್‌ಬೇ ಕಂಪನಿಯಂಥವುಗಳ ಷೇರುಗಳ ಹುಚ್ಚೆಬ್ಬಿಸಿದರು. 1865ರ ಏಪ್ರಿಲಿನಲ್ಲಿ ದಕ್ಷಿಣದ ಸೇನಾಪತಿ ಲೀ ಶರಣಾದ ಸುದ್ದಿ ಇಲ್ಲಿ ಮುಟ್ಟಿದ್ದೇ ತಡ, ಹತ್ತಿ ಬಿತ್ತು, ಬ್ಯಾಂಕುಗಳು ಮುಳುಗಿದವು, ಶೆಟ್‌ಗಳು ದಿವಾಳಿಯಾದರು. ಗುಲಾಮಗಿರಿಯ ಅಂತ್ಯ ಮುಂಬಯಿಯ ಪೇಟೆಗೆ ಕೆಟ್ಟ ಸುದ್ದಿಯಾಗಿ ಬಂತು. ಪ್ರೇಮಚಂದರ ದಾನದಿಂದ ಎದ್ದ ರಾಜಾಬಾಯಿ ಗೋಪುರ ವಿಶ್ವವಿದ್ಯಾಲಯದ ಅಂಗಳದಲ್ಲಿ ಇನ್ನೂ ಗಂಟೆ ಹೊಡೆಯುತ್ತಿದೆ. ಫೋರ್ಟಿನಲ್ಲಿ ನೌಕರಿ ಮಾಡಿದ ನಮ್ಮವರು ಅದರ ಮುಳ್ಳು ನೋಡಿಯೇ ಕಾಲು ಬೀಸುತ್ತಿದ್ದದ್ದು. ಇಷ್ಟನ್ನು ಒಂದು ಸಂಜೆ ಹೇಳಿ, ಮುಂದಿನ ತಿಂಗಳು ಫ್ರೆಡರಿಕ್ ಡಗ್ಲಾಸ್‌ನ ಆತ್ಮಕಥೆ ಎತ್ತಿಕೊಳ್ಳಿ. ಗುಲಾಮನಾಗಿ ಹುಟ್ಟಿ, ಕದ್ದು ಅಕ್ಷರ ಕಲಿತು, ಓಡಿಹೋಗಿ, ಆಮೇಲೆ ವೇದಿಕೆಯೇರಿ ಇಡೀ ದೇಶವನ್ನು ನಾಚಿಸಿದವನ ಕತೆ ಆಗ ದೂರದ್ದು ಅನ್ನಿಸದು.

ಸಾಹಿತ್ಯದ ವಿಷಯದಲ್ಲೂ ಇದೇ ಮಾತು. ಸಾನಪಾಡಾದ ಕೇಳುಗರ ದೊಡ್ಡ ಬಂಡವಾಳ ಆಫೀಸು. ಮೂವತ್ತು-ಮೂವತ್ತೈದು ವರ್ಷ ಮಸ್ಟರಿಗೆ ಸಹಿ ಹಾಕಿದವರು, ಬಾಸಿನ ಮುಖ ನೋಡಿ ರಜೆ ಕೇಳಿದವರು. ಅವರ ಮುಂದೆ ಆರ್ಥರ್ ಮಿಲ್ಲರನ 1949ರ ನಾಟಕ 'ಡೆತ್ ಆಫ್ ಎ ಸೇಲ್ಸ್‌ಮನ್' ಇಟ್ಟು ನೋಡಿ. ಅರವತ್ತಮೂರರ ವಿಲ್ಲಿ ಲೋಮನ್, ಊರೂರು ತಿರುಗಲು ಇನ್ನಾಗದು, ಇಲ್ಲೇ ಆಫೀಸಿನಲ್ಲೊಂದು ಕೆಲಸ ಕೊಡಿ ಎಂದು ಕೇಳಲು ಹೋಗುತ್ತಾನೆ. ಎದುರಿಗಿರುವ ಮಾಲಿಕ ಅವನ ಕಣ್ಣೆದುರಿಗೇ ಬೆಳೆದ ಹುಡುಗ, ಹಳೆಯ ಯಜಮಾನರ ಮಗ. ಆ ಹುಡುಗನಿಗೆ ಹೊಸದಾಗಿ ಕೊಂಡ ರೆಕಾರ್ಡಿಂಗ್ ಯಂತ್ರದ ಮೋಜು. ತನ್ನ ಮಗಳ ಸಿಳ್ಳೆ, ಮಗ ರಾಜ್ಯಗಳ ರಾಜಧಾನಿಗಳನ್ನು ಒಪ್ಪಿಸುವ ದನಿ ಕೇಳಿಸುತ್ತಾನೆ. ವಿಲ್ಲಿ ಬಾಯಿ ತೆರೆದಾಗಲೆಲ್ಲ 'ತಡಿ ತಡಿ' ಎನ್ನುತ್ತಾನೆ. ಕೊನೆಗೆ ನೌಕರಿಯನ್ನೇ ಕಿತ್ತುಕೊಳ್ಳುತ್ತಾನೆ. ನಾಟಕದ ಕೊನೆಯಲ್ಲಿ ಮನೆಯ ಸಾಲದ ಅಖೈರು ಕಂತು ಕಟ್ಟಿಯಾಗಿದೆ, ಮನೆಯಲ್ಲಿರಲು ಅವನಿಲ್ಲ. ಹೌಸಿಂಗ್ ಲೋನಿನ ಕೊನೆಯ ಕಂತು ಕಟ್ಟಿ ಬ್ಯಾಂಕಿನಿಂದ ಕಾಗದಪತ್ರ ಬಿಡಿಸಿಕೊಂಡು ಬಂದ ಯಾರಿಗೂ ಇದಕ್ಕೆ ಟಿಪ್ಪಣಿ ಬೇಡ.

ಇನ್ನೊಂದು ಹೆಜ್ಜೆ ಮುಂದೆ ಹೋಗಬಹುದು. ಮುಂಬಯಿ ಕನ್ನಡಕ್ಕೆ ಯಶವಂತ ಚಿತ್ತಾಲರ 'ಶಿಕಾರಿ' ಇದೆ. ಚಿತ್ತಾಲರು ಹನೇಹಳ್ಳಿಯಿಂದ ಬಂದು, ನ್ಯೂಜೆರ್ಸಿಯ ಸ್ಟೀವನ್ಸ್ ಸಂಸ್ಥೆಯಲ್ಲಿ ಓದಿ, ಮುಂಬಯಿಯ ರಾಸಾಯನಿಕ ಉದ್ಯಮದಲ್ಲಿ ದುಡಿದವರು. 1979ರ ಆ ಕಾದಂಬರಿಯಲ್ಲಿ ನಾಗಪ್ಪನನ್ನು ಕಂಪನಿಯ ಒಳಸಂಚು ಬೇಟೆಯಾಡುತ್ತದೆ. ಅದರ ಪಕ್ಕದಲ್ಲಿ ಹರ್ಮನ್ ಮೆಲ್ವಿಲ್ 1853ರಲ್ಲಿ ಬರೆದ 'ಬಾರ್ಟಲ್‌ಬಿ' ಕತೆ ಇಡಿ: ವಾಲ್‌ಸ್ಟ್ರೀಟಿನ ವಕೀಲರ ಕಚೇರಿಯಲ್ಲಿ ನಕಲು ಬರೆಯುವ ಗುಮಾಸ್ತನೊಬ್ಬ ಒಂದು ದಿನ ಸೌಮ್ಯವಾಗಿ ಕೆಲಸ ಒಲ್ಲೆ ಎನ್ನುತ್ತಾನೆ, ಕಚೇರಿ ಬಿಟ್ಟು ಹೋಗುವುದನ್ನೂ ಒಲ್ಲ, ಕೊನೆಗೆ ಜೈಲಿನಲ್ಲಿ ಊಟವನ್ನೂ ಒಲ್ಲೆ ಎಂದು ಸಾಯುತ್ತಾನೆ. ಒಬ್ಬನನ್ನು ವ್ಯವಸ್ಥೆ ಅಟ್ಟಿಸಿಕೊಂಡು ಹೋಗುತ್ತದೆ, ಇನ್ನೊಬ್ಬ ವ್ಯವಸ್ಥೆಯ ನಡುಮಧ್ಯೆ ಅಲ್ಲಾಡದೆ ನಿಂತುಬಿಡುತ್ತಾನೆ. ಯಾರದು ಹೆಚ್ಚಿನ ಧೈರ್ಯ? ನನ್ನ ಓಟು ನಾಗಪ್ಪನಿಗೆ, ಅವನಲ್ಲಿ ಭಯವಿದೆ, ಭಯವಿದ್ದೂ ತನ್ನನ್ನು ತಾನು ವಿಚಾರಣೆ ಮಾಡಿಕೊಳ್ಳುತ್ತಾನೆ. ಬೇರೆಯವರು ಬೇರೆ ಹೇಳಲಿ, ಆ ಜಗಳಕ್ಕಾಗಿಯೇ ಸಭೆ ಸೇರುವುದು. ಇಂಗ್ಲಿಷ್ ಎಂ.ಎ. ತರಗತಿಯಲ್ಲಿ ಮೆಲ್ವಿಲ್ ಇರುತ್ತಾನೆ, ಕನ್ನಡ ಎಂ.ಎ.ಯಲ್ಲಿ ಚಿತ್ತಾಲರು. ಇಬ್ಬರನ್ನೂ ಒಂದೇ ಬೆಂಚಿನಲ್ಲಿ ಕೂರಿಸಲು ಸಂಘದ ಸಭಾಂಗಣವೇ ಬೇಕು.

ಆಕ್ಷೇಪಗಳು ಬರುತ್ತವೆ, ಬರಲಿ. ಯೂಟ್ಯೂಬಿನಲ್ಲಿ ಯೇಲ್ ವಿಶ್ವವಿದ್ಯಾಲಯದ ಡೇವಿಡ್ ಬ್ಲೈಟ್ ಅಂತರ್ಯುದ್ಧದ ಬಗ್ಗೆ ಮಾಡಿದ ಇಡೀ ತರಗತಿಯೇ ಪುಕ್ಕಟೆ ಸಿಗುವಾಗ ಸಾನಪಾಡಾದ ಪ್ಲಾಸ್ಟಿಕ್ ಕುರ್ಚಿ ಯಾಕೆ ಎಂದು ಮೊದಲ ಆಕ್ಷೇಪ. ಬ್ಲೈಟ್ ಅದ್ಭುತ ಮಾತುಗಾರರು, ಇಂಗ್ಲಿಷ್ ಕಿವಿಗೆ ಹತ್ತುವವರು ಖಂಡಿತ ಕೇಳಲಿ. ಆದರೆ ಅವರು ಮಾತಾಡುವುದು ಆ ಯುದ್ಧವನ್ನು ತಮ್ಮ ಮನೆಯ ಕತೆಯಾಗಿ ಬಲ್ಲ ಹುಡುಗರ ಎದುರು. ಅವರಿಗೆ ಧಾರವಾಡ ಹೇಳುವ ಜರೂರಿಲ್ಲ. ಮತ್ತೆ, ಫೋನಿನ ಪರದೆಗೆ ಪ್ರಶ್ನೆ ಕೇಳಲು ಬರುವುದಿಲ್ಲ.

ಎರಡನೆಯದು ಇದಕ್ಕಿಂತ ಗಟ್ಟಿ. ಅಮೆರಿಕದ ಸಾಹಿತ್ಯ ನಮ್ಮ ದೇಶದಲ್ಲಿ ಹರಡಿದ್ದೇ ಶೀತಲ ಸಮರದ ಹಣದಿಂದ ಅಲ್ಲವೇ? ಹೌದು. 1960ರಿಂದ ಬಂದ 'ಸ್ಪ್ಯಾನ್' ಪತ್ರಿಕೆಯ ನುಣುಪು ಹಾಳೆ, 1964ರಲ್ಲಿ ಹೈದರಾಬಾದಿನಲ್ಲಿ ಶುರುವಾದ ಅಮೆರಿಕನ್ ಅಧ್ಯಯನ ಕೇಂದ್ರ, ಫುಲ್‌ಬ್ರೈಟ್ ವೇತನಗಳು, ಇವುಗಳ ಹಿಂದೆ ಒಂದು ಸರ್ಕಾರದ ಲೆಕ್ಕಾಚಾರ ಇದ್ದೇ ಇತ್ತು. ಮೈಸೂರಿನಲ್ಲಿ ಸಿ.ಡಿ. ನರಸಿಂಹಯ್ಯನವರು ಅಮೆರಿಕನ್ ಸಾಹಿತ್ಯಕ್ಕೆ ಜಾಗ ಮಾಡಿಕೊಟ್ಟಾಗ ಅದನ್ನು ನಮ್ಮ ಕಣ್ಣಿನಿಂದ ಓದಬೇಕೆಂಬ ಹಟವೂ ಜೊತೆಗಿತ್ತು, ಅದು ಬೇರೆ. ಆ ಅಮೆರಿಕ ಸರ್ಕಾರವೇ, ತನ್ನ ಜನರಿಗೆ ಇಂಥ ಉಪನ್ಯಾಸಗಳಿಗೂ ನೆರವಾಗುವಂತೆ 1965ರಲ್ಲಿ ಕಟ್ಟಿದ ಮಾನವಿಕ ನಿಧಿಯ ಬಹುಪಾಲು ಅನುದಾನಗಳನ್ನು 2025ರ ಏಪ್ರಿಲಿನಲ್ಲಿ ರದ್ದುಮಾಡಿತು. ದೂತಾವಾಸದ ಹಣ ಬೇಡ, ಚಂದಾ ಎತ್ತಿ ನಡೆಸೋಣ. ದುಡ್ಡು ನಮ್ಮದಾದರೆ ವಿಷಯ ಆರಿಸುವ ಸ್ವಾತಂತ್ರ್ಯವೂ ನಮ್ಮದು.

'ಕನ್ನಡ ಓದುವ ಮಕ್ಕಳೇ ಇಲ್ಲ, ನಿಮಗೆ ಅಮೆರಿಕದ ಚಿಂತೆ' ಎನ್ನುವವರಿಗೆ ನನ್ನ ಉತ್ತರ ಚಿಕ್ಕದು. ಪುರಂದರರಿಗೂ ಯಕ್ಷಗಾನಕ್ಕೂ ಮಾತ್ರ ಮೀಸಲಾದ ಭಾಷೆ ಪೂಜೆಯ ಕೋಣೆಗೆ ಸೇರುತ್ತದೆ. ಮಗನ ವೀಸಾದ ಹಿಂದಿನ ಚರಿತ್ರೆಯನ್ನು ಕನ್ನಡದಲ್ಲಿ ವಾದಿಸಲು ಬಂದರೆ ಅದು ಪಡಸಾಲೆಯಲ್ಲಿ ಕೂರುತ್ತದೆ, ಊಟದ ಮೇಜಿಗೂ ಬರುತ್ತದೆ.

ವಿಷಯ ಆರಿಸುವ ಸ್ವಾತಂತ್ರ್ಯ ಎಂದೆ. ನಾವು ನಿಂತಿರುವ ಈ ನೆಲದಲ್ಲಿ ಅಮೆರಿಕವನ್ನು ಮೊದಲು ಸರಿಯಾಗಿ ಓದಿಕೊಂಡವರು ಯಾರು? 1873ರಲ್ಲಿ ಜ್ಯೋತಿಬಾ ಫುಲೆ 'ಗುಲಾಮಗಿರಿ'ಯನ್ನು ಅರ್ಪಿಸಿದ್ದು ಕರಿಯರನ್ನು ಬಿಡುಗಡೆ ಮಾಡಿದ ಅಮೆರಿಕದ ಸಜ್ಜನರಿಗೆ. ಎಂಟು ವರ್ಷದ ಹಿಂದೆ ಮುಂಬಯಿಯ ಷೇರುಪೇಟೆ ಯಾವ ಸುದ್ದಿಗೆ ಎದೆ ಬಡಿದುಕೊಂಡಿತ್ತೋ ಅದೇ ಸುದ್ದಿಯಲ್ಲಿ ಫುಲೆ ಭರವಸೆ ಕಂಡರು. 1913ರಿಂದ 1916ರವರೆಗೆ ಕೊಲಂಬಿಯಾದಲ್ಲಿ ಓದಿದ ಅಂಬೇಡ್ಕರ್ 1946ರಲ್ಲಿ ಕರಿಯರ ಚಿಂತಕ ಡು ಬಾಯ್ಸ್‌ಗೆ ಪತ್ರ ಬರೆದರು. 1972ರಲ್ಲಿ ಮುಂಬಯಿಯಲ್ಲಿ ನಾಮದೇವ ಢಸಾಳ, ಜೆ.ವಿ. ಪವಾರ್, ರಾಜಾ ಢಾಲೆ ತಮ್ಮ ಸಂಘಟನೆಗೆ ದಲಿತ ಪ್ಯಾಂಥರ್ ಎಂದು ಹೆಸರಿಟ್ಟದ್ದು ಬ್ಲ್ಯಾಕ್ ಪ್ಯಾಂಥರ್‌ಗಳನ್ನು ನೋಡಿ. ನಮ್ಮ ವೇದಿಕೆಗೆ ಅಮೆರಿಕ ಬಂದರೆ ಇವರೆಲ್ಲ ಜೊತೆಗೇ ಬರಬೇಕು. ಇವರನ್ನು ಬಿಟ್ಟು ಬರೀ ಎಮರ್ಸನ್ ಭಗವದ್ಗೀತೆ ಓದಿದ್ದನ್ನು ಹೇಳಿ ಚಪ್ಪಾಳೆ ಗಿಟ್ಟಿಸುವ ಉಪನ್ಯಾಸ ನನಗೆ ಬೇಡ.

ಎಲ್ಲಕ್ಕಿಂತ ಕಷ್ಟದ ಉಪನ್ಯಾಸ ಒಂದಿದೆ. 1830ರ ಕಾನೂನು ಚೆರೊಕೀ ಮೊದಲಾದ ಮೂಲನಿವಾಸಿಗಳನ್ನು ಮಿಸಿಸಿಪಿ ನದಿಯಾಚೆ ಅಟ್ಟಿತು, 1887ರ ಕಾನೂನು ಉಳಿದ ಸಾಮೂಹಿಕ ಭೂಮಿಯನ್ನು ತುಂಡು ಮಾಡಿ ಹಂಚಿ, ಮಿಕ್ಕದ್ದನ್ನು ಬಿಳಿಯರಿಗೆ ಮಾರಿತು. ಇದನ್ನು ಸಾನಪಾಡಾದಲ್ಲಿ ಹೇಳುವಾಗ ನಮ್ಮ ಫ್ಲ್ಯಾಟಿನ ಕೆಳಗಿನ ನೆಲವೂ ನೆನಪಾಗಬೇಕು. 1970ರಲ್ಲಿ ನಗರ ಕಟ್ಟುವ ಸರ್ಕಾರಿ ಕಂಪನಿ ಸಿಡ್ಕೋ ಹುಟ್ಟಿದಾಗ ಠಾಣೆ-ರಾಯಗಡದ 95 ಹಳ್ಳಿಗಳ ಗದ್ದೆ-ಉಪ್ಪಿನಾಗರಗಳ ಮೇಲೆ ಈ ನಗರದ ನಕ್ಷೆ ಬಿತ್ತು. ಹೋದದ್ದು ಆಗ್ರಿ ಮತ್ತು ಕೋಳಿ ಸಮುದಾಯಗಳ ನೆಲ. 1984ರ ಜನವರಿಯಲ್ಲಿ ದಿ.ಬಾ. ಪಾಟೀಲರ ನೇತೃತ್ವದ ಹೋರಾಟದಲ್ಲಿ ಜಾಸಯಿಯ ಸುತ್ತ ಗೋಲಿಬಾರ್ ಆಗಿ ಐವರು ಸತ್ತರು. ಆಮೇಲೆ ಬಂದದ್ದೇ ಕಳೆದುಕೊಂಡ ಜಮೀನಿಗೆ ಪ್ರತಿಯಾಗಿ ಶೇಕಡಾ 12.5ರಷ್ಟು ಅಭಿವೃದ್ಧಿಪಡಿಸಿದ ಭೂಮಿ ಕೊಡುವ ಯೋಜನೆ. ಎರಡೂ ಒಂದೇ ಎಂದರೆ ಸುಳ್ಳಾದೀತು. ಇಲ್ಲಿ ಪರಿಹಾರ ಇತ್ತು, ಮತದಾನ ಇತ್ತು, ಹೋರಾಡಿ ಹಿಂದೆ ಪಡೆಯುವ ದಾರಿ ಇತ್ತು. ಜೊತೆಗೆ ಇಲ್ಲಿಗೆ ಬಂದು ನೆಲೆಸಿದ ನಾವು ಯಾರನ್ನೂ ಕೈಯಾರೆ ಅಟ್ಟಿದವರಲ್ಲ, ಸಿಡ್ಕೋ ಲಾಟರಿಯಲ್ಲೋ ಬಿಲ್ಡರನಿಂದಲೋ ಮನೆ ಕೊಂಡವರು. ಓಕ್ಲಹೋಮಾದಲ್ಲಿ ಹಾಗೆ ಮಾರಿದ ಜಮೀನು ಕೊಂಡ ಸಾಧಾರಣ ಬಿಳಿಯ ರೈತನೂ ತನ್ನ ಬಗ್ಗೆ ಬಹುಶಃ ಹೀಗೇ ಅಂದುಕೊಂಡಿದ್ದ.

ಈ ಉಪನ್ಯಾಸ ಕನ್ನಡದಲ್ಲಷ್ಟೇ ಆದರೆ ಸಾಲದು. ಸಾನಪಾಡಾದ ಮೂಲ ಊರಾದ ಗಾವ್‌ಠಾಣದವರು ಕೇಳಲು ಬರಬೇಕು, ಉತ್ತರ ಕೊಡಬೇಕು. ಮರಾಠಿ ವ್ಯಾಖ್ಯಾನಮಾಲೆಯವರೊಂದಿಗೆ ಸೇರಿ, ಎರಡೂ ಭಾಷೆಯಲ್ಲಿ ಮಾಡಬೇಕಾದೀತು. ಕಾರ್ಯಕಾರಿ ಸಮಿತಿಯ ಸಭೆಯಲ್ಲಿ ಈ ವಿಷಯ ಇಟ್ಟರೆ 'ಇದೆಲ್ಲ ನಮಗ್ಯಾಕೆ, ಜಗಳಕ್ಕೆ ದಾರಿ' ಎಂದು ಯಾರಾದರೂ ಹೇಳುವುದು ಖಾತ್ರಿ. ಹೇಳಿದವರನ್ನೇ ಆ ದಿನದ ಅಧ್ಯಕ್ಷತೆಗೆ ಕರೆಯಿರಿ, ಶಾಲು ಇಲ್ಲದೆ.